ಅಳಿಸಲಾಗದ ಶಾಯಿಗೆ ಬೂವನಹಳ್ಳಿಯಿಂದ ಬಹಿರಂಗ ಪತ್ರ

ಮ.ರಾ.ಶ್ರೀ ಮೈಸೂರಿನ ಅಳಿಸಲಾಗದ ಶಾಯಿಯವರ ಸನ್ನಿಧಾನಕ್ಕೆ,

ಹಾಸನ ತಾಲೂಕಿನ ಬೂವನಹಳ್ಳಿಯಿಂದ ಸಾಷ್ಟಾಂಗ ನಮಸ್ಕಾರ. ಉಭಯಕುಶಲೋಪರಿ. 1962ರ ಮಹಾಚುನಾವಣೆಯಿಂದ ಮತದಾರರ ಬೆರಳನ್ನೇ ನಂಬಿ ಬಾಳಿದ ತಾವು, ಈಗಿನ ಹುಡುಗರು ವೋಟಿಗೆ ಬರುವುದಿಲ್ಲವೆಂಬ ಟಿವಿ ಚರ್ಚೆ ಕೇಳಿ ನೊಂದಿದ್ದೀರಂತೆ.

2024ರ ಏಪ್ರಿಲ್ 26, ಶುಕ್ರವಾರ, ಲೋಕಸಭೆಗೆ ಮತದಾನದ ದಿನ. ಶಾಯಿ ತೋರಿಸಿದರೆ ಬೆಣ್ಣೆ ದೋಸೆ ಪುಕ್ಕಟೆ ಎಂದು ಬೆಂಗಳೂರಿನ ಹೋಟೆಲೊಂದು ಸಾರಿತ್ತು. ಆದರೂ ಬೆಂಗಳೂರು ದಕ್ಷಿಣದ ಮತದಾನ ಶೇ 53ರ ಆಸುಪಾಸಿಗೇ ಏದುಸಿರು ಬಿಟ್ಟಿತು. ದೋಸೆಯ ಆಸೆಯಿಲ್ಲದ ಹಾಸನ ಕ್ಷೇತ್ರ ಶೇ 77 ದಾಟಿತು.

ಆ ಲೆಕ್ಕದಲ್ಲಿ ಬೆಂಗಳೂರಿನಿಂದ ಬಸ್ ಹತ್ತಿ ಬಂದ ಹುಡುಗರೂ ಇದ್ದಾರೆ. ಮತಗಟ್ಟೆಯಿಂದಾಚೆ ಟೇಬಲ್ ಹಾಕಿ ಕೂತ ಪಕ್ಷದವರು ಪಟ್ಟಿಯಲ್ಲಿ ಒಂದೊಂದೇ ಹೆಸರಿಗೆ ಗೆರೆ ಎಳೆಯುತ್ತಾ ವಿಚಾರಿಸುತ್ತಾರೆ: "ನಿಮ್ಮುಡುಗ ಬಂದ್ನೇನಣ್ಣ?" "ಚನ್ರಾಯಪಟ್ಣ ದಾಟವ್ನಂತೆ ಕಣಪ್ಪ." ನಮೂನೆ 8 ತುಂಬಿದರೆ ಹೆಸರು ಬೆಂಗಳೂರಿಗೆ ವರ್ಗವಾಗುತ್ತದೆ, ನಿಜ. ಆದರೆ ಪಂಚಾಯ್ತಿಗೆ ದೊಡ್ಡಪ್ಪ ನಿಂತಾಗ ವೋಟು ಹಾಕುವವರು ಯಾರು? ದಿಲ್ಲಿಗೆ ಯಾರನ್ನು ಕಳಿಸಬೇಕೆಂದು ಯೋಚಿಸುವ ಮುಂಚೆಯೇ ಹಳ್ಳಿಯ ಹುಡುಗ ಈ ಲೆಕ್ಕ ಹಾಕಿರುತ್ತಾನೆ. ಇದಕ್ಕೆ ಉದಾಸೀನ ಎನ್ನುವವರು ಒಮ್ಮೆ ಚುನಾವಣೆ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ಸೀಟು ಹಿಡಿದು ನೋಡಲಿ.

ಈಗ ತಮ್ಮ ವಿಷಯಕ್ಕೆ ಬರೋಣ. ಜಿಲ್ಲಾ ಮತ್ತು ತಾಲೂಕು ಪಂಚಾಯಿತಿ ಚುನಾವಣೆಗೆ ತಾವು ಇತ್ತ ಬಂದದ್ದು 2016ರ ಫೆಬ್ರವರಿಯಲ್ಲಿ. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಐದು ವರ್ಷ ತುಂಬುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎನ್ನುತ್ತಾ 2024ನೇ ಇಸವಿಯೂ ಕಳೆಯಿತು; ಗದ್ದುಗೆಯಲ್ಲಿ ಆಡಳಿತಾಧಿಕಾರಿ. ಸರ್ಕಾರ ಬದಲಾಯಿತು, ನೆಪ ಬದಲಾಗಲಿಲ್ಲ. 2016ರಲ್ಲಿ ಎಂಟನೇ ಕ್ಲಾಸಿನಲ್ಲಿದ್ದವನು ಡಿಗ್ರಿ ಮುಗಿಸಿ, ಕೆಲಸಕ್ಕೆ ಸೇರಿ, ಮನೆಯಲ್ಲಿ ಹೆಣ್ಣು ನೋಡಲು ಶುರು ಮಾಡಿದರೂ ಜಿಲ್ಲಾ ಪಂಚಾಯಿತಿಗೆ ಒಂದು ವೋಟು ಹಾಕಿಲ್ಲ. ಗೈರುಹಾಜರಿ ಯಾರದೆಂದು ತಾವೇ ಹೇಳಿ.

ಪ್ರತಿ ಜನವರಿ 25ಕ್ಕೆ ಮತದಾರರ ದಿನದ ಪ್ರತಿಜ್ಞೆಯನ್ನಂತೂ ಅವನಿಂದ ತಪ್ಪದೆ ಮಾಡಿಸಲಾಗಿದೆ.

ಆದ್ದರಿಂದ ತಾವು ಹೊರಡುವ ತಾರೀಕನ್ನು ಮುಂಚಿತವಾಗಿ ತಿಳಿಸಬೇಕಾಗಿ ವಿನಂತಿ. ಹುಡುಗರು ರಜೆ ಹಾಕಬೇಕು, ಬಸ್ ಬುಕ್ ಮಾಡಬೇಕು. ಆದಷ್ಟು ಶುಕ್ರವಾರ ಬೇಡ. ವಾರಾಂತ್ಯದ ಮೋಜಿಗೆ ಹೋದರೆಂದು ಟಿವಿಯವರು ಮತ್ತೆ ಶುರು ಮಾಡುತ್ತಾರೆ.

ಇತಿ,
ಬೂವನಹಳ್ಳಿಯ ಖಾಲಿ ಬೆರಳುಗಳು