ಐದು ಊರು, ಒಬ್ಬ ಭಾವ

ಪ್ರತಿ ಮನೆತನದಲ್ಲೂ ಒಬ್ಬ ಟೈಮ್‌ಟೇಬಲ್ ಮನುಷ್ಯ ಇರುತ್ತಾನೆ. ಮದುವೆಗೆ ಕರೆದರೆ ಮುಹೂರ್ತ ಬಿಟ್ಟು ಮೊದಲ ಪಂಕ್ತಿ ಎಷ್ಟು ಗಂಟೆಗೆ ಎಂದು ವಿಚಾರಿಸಿಕೊಳ್ಳುತ್ತಾನೆ. ಧರ್ಮಸ್ಥಳಕ್ಕೆ ಹೊರಟರೆ ದಾರಿಯಲ್ಲಿ ಕಾಫಿಗೆ ಹನ್ನೆರಡು ನಿಮಿಷ, ಅದರಲ್ಲೇ ಹೆಂಗಸರ ಬಾತ್‌ರೂಮಿಗೆ ಐದು ಎಂದು ಪಡಿ ಅಳೆದುಕೊಡುತ್ತಾನೆ. ಅವನಿಲ್ಲದೆ ಯಾರೂ ಎಲ್ಲಿಗೂ ಹೊರಡುವುದಿಲ್ಲ. ಅವನ ಜೊತೆ ಹೊರಟವರು ಇನ್ನೊಮ್ಮೆ ಹೊರಡುವುದಿಲ್ಲ.

ನಮ್ಮ ಮನೆಗೆ ಈ ವ್ಯಕ್ತಿ ಭಾವನ ರೂಪದಲ್ಲಿ ಬಂದರು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿದ್ದವರು. ಒಂದು ರೂಪಾಯಿ ಟ್ಯಾಲಿ ಆಗದಿದ್ದರೆ ರಾತ್ರಿ ಒಂಬತ್ತಾದರೂ ಬ್ರಾಂಚಿನ ಬಾಗಿಲು ಹಾಕಗೊಡುತ್ತಿರಲಿಲ್ಲವಂತೆ. ನಿವೃತ್ತಿಯಾದ ಮೇಲೆ ಟ್ಯಾಲಿ ಮಾಡಲು ಲೆಡ್ಜರ್ ಇಲ್ಲ, ನಾವಿದ್ದೇವೆ. ಅವರದೊಂದು ಸೂತ್ರವಾಕ್ಯ ಉಂಟು: "ರೈಲು ತಪ್ಪೋದಿಲ್ಲಯ್ಯಾ, ಮನುಷ್ಯ ತಪ್ಪುತ್ತಾನೆ."

ಮಿಲಾನಿನಲ್ಲಿ ಕೆಲಸದಲ್ಲಿರುವ ಅವರ ಮಗಳು ಒಂದು ಭಾನುವಾರ ಫೋನಿನಲ್ಲಿ, "ಅಪ್ಪಾ, ಮೇ ತಿಂಗಳಲ್ಲಿ ಎಲ್ಲರೂ ಬನ್ನಿ. ಒಂದು ವಾರ ಸಮುದ್ರದ ಕಡೆ ಇದ್ದು ಬರೋಣ. ಇಲ್ಲಿಂದ ರೈಲಿನಲ್ಲಿ ಮೂರು ಗಂಟೆ ಅಷ್ಟೇ," ಅಂದಳು. ಪಾಪ, ಹುಡುಗಿ ಬಾಯಿತಪ್ಪಿ 'ರೈಲು' ಅಂದುಬಿಟ್ಟಿದ್ದಳು. ಅಂದು ಸಂಜೆಯೇ ಭಾವ ಇನ್ನೂರು ಪುಟದ ರೂಲ್ಡ್ ನೋಟ್‌ಬುಕ್ ತಂದು, ಮೊದಲ ಪುಟದಲ್ಲಿ 'ಶ್ರೀ' ಬರೆದು, ಕೆಳಗೆ 'ಇಟಲಿ' ಎಂದು ಬರೆದು ಅಡಿಗೆರೆ ಎಳೆದರು.

ಹೋಗಬೇಕಾದ ಜಾಗ ಚಿಂಕ್ವೆ ತೆರ್ರೆ. ಹೆಸರಿಗೆ ಐದು ನೆಲ ಅಂತ ಅರ್ಥ, ಇರುವುದು ಐದು ಹಳ್ಳಿ: ರಿಯೊಮಾಜೊರೆ, ಮನರೋಲಾ, ಕೊರ್ನಿಲಿಯಾ, ವೆರ್ನಾತ್ಸಾ, ಮೊಂತೆರೊಸ್ಸೊ. ಲಿಗೂರಿಯಾ ಪ್ರಾಂತ್ಯದ ಕಡಿದಾದ ಬೆಟ್ಟ ನೇರ ಸಮುದ್ರಕ್ಕೆ ಇಳಿಯುವ ಕಡೆ, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟೆ ಕಟ್ಟಿ, ಅದರ ಮೇಲೆ ದ್ರಾಕ್ಷಿ ಬೆಳೆದುಕೊಂಡು ಬಂದ ಊರುಗಳು. 1870ರ ದಶಕದಲ್ಲಿ ಬೆಟ್ಟ ಕೊರೆದು ರೈಲು ಬರುವವರೆಗೆ ಇಲ್ಲಿಗೆ ಬರಲು ದೋಣಿ ಇಲ್ಲವೇ ಕಾಲುದಾರಿ. 1997ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು, 1999ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಈಗ ಲಾ ಸ್ಪೆತ್ಸಿಯಾ ಎಂಬ ಪೇಟೆಯಿಂದ ಹೊರಟ ರೈಲು ಸುರಂಗ, ಸಮುದ್ರ, ಸುರಂಗ, ಸಮುದ್ರ ಎಂದು ಕಣ್ಣುಮಿಟುಕಿಸುತ್ತ ಐದೂ ಊರು ಮುಟ್ಟಿ ಲೆವಾಂತೊ ಸೇರುತ್ತದೆ. ಒಂದೂರಿನಿಂದ ಇನ್ನೊಂದೂರಿಗೆ ಎರಡರಿಂದ ಐದು ನಿಮಿಷ. ಸೀಸನ್ನಿನಲ್ಲಿ ಹದಿನೈದಿಪ್ಪತ್ತು ನಿಮಿಷಕ್ಕೊಂದು ಗಾಡಿ.

ಇಲ್ಲಿ ಓದುಗರು ಒಂದು ಕ್ಷಣ ನಿಂತು ಯೋಚಿಸಬೇಕು. ಮೊದಲ ಹಳ್ಳಿಯಿಂದ ಕೊನೆಯದಕ್ಕೆ ಮೆಜೆಸ್ಟಿಕ್ಕಿನಿಂದ ಜಯನಗರಕ್ಕೆ ಮೆಟ್ರೊದಲ್ಲಿ ಹೋದಷ್ಟು ಹೊತ್ತು. ಒಂದು ಗಾಡಿ ತಪ್ಪಿದರೆ ಆಗುವ ನಷ್ಟ ಇಷ್ಟೇ: ಇನ್ನೊಂದು ಬರುವ ತನಕ ಸಮುದ್ರ ನೋಡುತ್ತ ನಿಲ್ಲಬೇಕು. ಭೂಮಿಯ ಮೇಲೆ ಟೈಮ್‌ಟೇಬಲ್ಲೇ ಬೇಡದ ಜಾಗ ಯಾವುದಾದರೂ ಇದ್ದರೆ ಅದು ಇದು. ನಮ್ಮ ಭಾವ ಅದಕ್ಕೆ ನಾಲ್ಕು ತಿಂಗಳು ಕೂತು ಟೈಮ್‌ಟೇಬಲ್ ಹಾಕಿದರು.

ಮೊದಲ ಜಯ ವೀಸಾದ್ದು. ಷೆಂಗೆನ್ ವೀಸಾಕ್ಕೆ ಪ್ರಯಾಣದ ದಿನದಿನದ ವಿವರ ಕೊಡಬೇಕು, ಮೂವತ್ತು ಸಾವಿರ ಯೂರೊಗೆ ಕಡಿಮೆಯಿಲ್ಲದ ವಿಮೆ ತೋರಿಸಬೇಕು. ಮಿಕ್ಕವರಿಗೆ ಅದು ತಲೆನೋವು. ಭಾವನಿಗೆ ಹಾಗಲ್ಲ. ಜೀವಮಾನದಲ್ಲಿ ಮೊದಲ ಸಲ ಒಂದು ಸರ್ಕಾರ ತಾನಾಗಿ ಅವರನ್ನು ಕೇಳಿತ್ತು, ಯಾವ ದಿನ ಏನೇನು ಮಾಡುತ್ತೀರಿ, ಬರೆದುಕೊಡಿ ಎಂದು. ಹನ್ನೊಂದು ಪುಟ ಬರೆದುಕೊಟ್ಟರು. ನಾಲ್ಕನೇ ದಿನ ಮಧ್ಯಾಹ್ನ 1.15ಕ್ಕೆ ಮೊಸರನ್ನ ಎಂಬುದೂ ಅದರಲ್ಲಿತ್ತು. ಕೌಂಟರಿನವರು ಪುಟ ತಿರುವಿ ತಿರುವಿ ನೋಡಿ, ಕೊನೆಗೆ ಭಾವನ ಮುಖ ನೋಡಿ, ಏನೂ ಕೇಳದೆ ಒಳಗೆ ತೆಗೆದುಕೊಂಡರು. "ನೋಡಿದೆಯಾ, ಒಂದು ಪ್ರಶ್ನೆ ಇಲ್ಲ!" ಎಂದು ಭಾವ ಇವತ್ತಿಗೂ ಹೇಳಿಕೊಳ್ಳುತ್ತಾರೆ.

ಅಲ್ಲಿಂದ ಮುಂದೆ ನೋಟ್‌ಬುಕ್ ಎಕ್ಸೆಲ್ ಆಯಿತು. ರೈಲಿಗೆ ನೀಲಿ, ಊಟಕ್ಕೆ ಹಳದಿ, ಸಮುದ್ರಕ್ಕೆ ಹಸಿರು, ವಿಶ್ರಾಂತಿಗೆ ಬೂದು. ಬೂದು ಬಣ್ಣ ಇಡೀ ವಾರದಲ್ಲಿ ಎರಡೇ ಚೌಕದಲ್ಲಿತ್ತು, ಅದೂ ನನ್ನ ಹೆಂಡತಿ ಮಂಡಿನೋವಿನ ಸರ್ಟಿಫಿಕೇಟ್ ತೋರಿಸಿದ ಮೇಲೆ.

ಇಟಲಿಯ ರೈಲಿನಲ್ಲಿ ಮುಷ್ಕರ ಮಾಮೂಲು, ಅದಕ್ಕೆ ಅವರು 'ಶೋಪೆರೊ' ಅನ್ನುತ್ತಾರೆ ಎಂದು ಮಗಳು ಎಚ್ಚರಿಸಿದಳು. ಭಾವ ಕಂಗೆಡಲಿಲ್ಲ, ಪುಳಕಗೊಂಡರು. ಯಾಕೆಂದರೆ ಅಲ್ಲಿ ಮುಷ್ಕರದ ತಾರೀಕನ್ನು ಮೊದಲೇ ಪ್ರಕಟಿಸುತ್ತಾರೆ. ಕೆಲಸದ ದಿನವಾದರೆ ಮುಷ್ಕರದ ನಡುವೆಯೂ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಗೊತ್ತಾದ ಗಾಡಿಗಳನ್ನು ಓಡಿಸುತ್ತಾರೆ. "ಮುಷ್ಕರವನ್ನೂ ಟೈಮಿಗೆ ಸರಿಯಾಗಿ ಮಾಡೋ ಜನ ಕಣಯ್ಯಾ! ನಾವು ಕಲೀಬೇಕು," ಎಂದು ಎಕ್ಸೆಲ್‌ನಲ್ಲಿ ಮುಷ್ಕರಕ್ಕೊಂದು ಕೆಂಪು ಬಣ್ಣ ಸೇರಿಸಿದರು. ನಾವಿದ್ದ ವಾರ ಮುಷ್ಕರ ಆಗಲಿಲ್ಲ. ಅದೊಂದು ಕೊರತೆ ಅವರಿಗೆ ಉಳಿದೇಬಿಟ್ಟಿತು.

ಎಲ್ಲ ಟ್ಯಾಲಿ ಆಗಿ ಒಂದೇ ಒಂದು ಬಾಕಿ ಉಳಿಯಿತು. ಐದರಲ್ಲಿ ನಡುವಿನ ಊರು ಕೊರ್ನಿಲಿಯಾ ಸಮುದ್ರದಿಂದ ಸುಮಾರು ನೂರು ಮೀಟರ್ ಎತ್ತರದಲ್ಲಿದೆ. ಸ್ಟೇಷನ್ ಕೆಳಗೆ, ಊರು ಮೇಲೆ. ನಡುವೆ ಲಾರ್ದರೀನಾ ಎಂಬ ಇಟ್ಟಿಗೆಯ ಮೆಟ್ಟಿಲುಸಾಲು, ಮೂವತ್ತಮೂರು ತಿರುವು. ಮೆಟ್ಟಿಲು ಎಷ್ಟು? ಒಂದು ಕಡೆ 377 ಅಂತ ಇದೆ, ಇನ್ನೊಂದು ಕಡೆ 382. ಭಾವ ಮೂರು ದಿನ ನಿದ್ದೆ ಮಾಡಲಿಲ್ಲ.

"ಐದು ಮೆಟ್ಟಿಲು ಎಲ್ಲಿಗೆ ಹೋಯ್ತಯ್ಯಾ?"

"ಭಾವ, ಮೇಲಕ್ಕೆ ಬಸ್ಸೂ ಉಂಟಂತೆ," ಅಂದೆ.

"ಬಸ್ಸಿನ ಮಾತಲ್ಲ. ಡಿಫರೆನ್ಸ್ ಇದೆ, ಅದು ಕ್ಲಿಯರ್ ಆಗಬೇಕು."

ಆಡಿಟ್ ಮಾಡಲು ಇಟಲಿಗೆ ಹೊರಟ ಮೊದಲ ಪ್ರವಾಸಿ ನಮ್ಮ ಭಾವನೇ ಇರಬೇಕು.

ಹೋದೆವು. ಸೂಟ್‌ಕೇಸಿನ ಅರ್ಧ ಭಾಗ ಅವಲಕ್ಕಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು, ಕೋಡುಬಳೆ. ಅಲ್ಲಿ ಕಾಗದದ ಲೋಕಲ್ ಟಿಕೆಟ್ ಕೊಂಡರೆ, ರೈಲು ಹತ್ತುವ ಮುಂಚೆ ಪ್ಲಾಟ್‌ಫಾರಂನ ಯಂತ್ರಕ್ಕೆ ಅದನ್ನು ತೂರಿಸಿ ಮುದ್ರೆ ಒತ್ತಿಸಿಕೊಳ್ಳಬೇಕು, ಇಲ್ಲವಾದರೆ ದಂಡ. ಭಾವ ಎಲ್ಲರ ಟಿಕೆಟ್ ಕಿತ್ತುಕೊಂಡು ತಾವೇ ಒತ್ತಿಸಿದರು. ಆಮೇಲೆ, ಯಾವುದಕ್ಕೂ ಇರಲಿ ಎಂದು ಹಿಂಬದಿಗೂ ಒತ್ತಿಸಿದರು. ಮೂವತ್ತೈದು ವರ್ಷ ಸೀಲು ಹಾಕಿದ ಕೈ, ಒಂದಕ್ಕೆ ನಿಲ್ಲುತ್ತದೆಯೇ?

ಊಟದ ಹಳದಿ ಚೌಕಗಳು ಮೊದಲ ದಿನವೇ ಏರುಪೇರಾದವು. ಅಲ್ಲಿ ಕಾಫಿಯನ್ನು ಕಟ್ಟೆಯ ಮುಂದೆ ನಿಂತು ಮೂರು ಗುಟುಕಿಗೆ ಮುಗಿಸುತ್ತಾರೆ. ಭಾವ ಕಾಫಿಗೆ ಇಟ್ಟಿದ್ದು ಹದಿನೈದು ನಿಮಿಷ. ಉಳಿದ ಹದಿನಾಲ್ಕು ನಿಮಿಷ ಏನು ಮಾಡುವುದೆಂದು ತಿಳಿಯದೆ ಎಲ್ಲರೂ ಖಾಲಿ ಕಪ್ಪಿನ ಮುಂದೆ ನಿಂತೆವು. ಊಟಕ್ಕೆ ಪೆಸ್ತೊ ಬಂತು. ಕಾಮಕಸ್ತೂರಿಯ ಜಾತಿಯದೇ ಸೊಪ್ಪು, ಬೆಳ್ಳುಳ್ಳಿ, ಚೀಸು, ಪೈನ್ ಕಾಯಿಯ ಬೀಜ ಸೇರಿಸಿ ಕುಟ್ಟಿದ್ದು. "ಒಗ್ಗರಣೆ ಮರೆತಿದ್ದಾರೆ," ಎಂದು ಅಕ್ಕ ತೀರ್ಪು ಕೊಟ್ಟಳು. ಕಡಲೆಹಿಟ್ಟನ್ನು ನೀರು, ಆಲಿವ್ ಎಣ್ಣೆ ಹಾಕಿ ಕಲಸಿ ಒಲೆಯಲ್ಲಿ ಬೇಯಿಸಿದ ಫರಿನಾತಾ ತಂದುಕೊಟ್ಟಾಗ, "ಕಡಲೆಹಿಟ್ಟಿನ ದೋಸೆ ತಿನ್ನೋಕೆ ಇಷ್ಟು ದೂರ ಬರಬೇಕಿತ್ತಾ?" ಎಂದು ಕೇಳುತ್ತ ಮೂರು ತುಂಡು ತಿಂದಳು.

ರಿಯೊಮಾಜೊರೆಗೂ ಮನರೋಲಾಕ್ಕೂ ನಡುವೆ ಬಂಡೆಯಂಚಿನಲ್ಲಿ ಒಂದು ಕಿಲೋಮೀಟರಿನ ದಾರಿ ಉಂಟು, ಪ್ರೇಮದ ಹಾದಿ ಎಂದೇ ಅದರ ಹೆಸರು. 2012ರಲ್ಲಿ ಬಂಡೆ ಕುಸಿದು ಮುಚ್ಚಿದ್ದು, ಮತ್ತೆ ತೆರೆದದ್ದು 2024ರಲ್ಲಿ. ಈಗ ಮುಂಚೆಯೇ ಕಾದಿರಿಸಿ, ಗೊತ್ತಾದ ಹೊತ್ತಿಗೇ ಹೋಗಬೇಕು.

"ನೋಡೇ, ಪ್ರೇಮಕ್ಕೂ ಟೈಮ್ ಸ್ಲಾಟ್ ಇಟ್ಟಿದ್ದಾರೆ!" ಭಾವನಿಗೆ ಹಿಗ್ಗು.

"ಮೂವತ್ತೆಂಟು ವರ್ಷದಲ್ಲಿ ನಮ್ಮ ಸ್ಲಾಟ್ ಬರಲೇ ಇಲ್ಲವಲ್ಲ ರೀ," ಅಂದಳು ಅಕ್ಕ.

ದುರ್ಘಟನೆ ನಡೆದದ್ದು ಮೂರನೇ ದಿನ. ಮನರೋಲಾದಿಂದ ವೆರ್ನಾತ್ಸಾಕ್ಕೆ 11.40ರ ಗಾಡಿ. ನಾವು ನಿಂತಿದ್ದು ಎದುರು ದಿಕ್ಕಿನ ಪ್ಲಾಟ್‌ಫಾರಂ ಎಂದು ನನ್ನ ಹೆಂಡತಿ ಹೇಳುತ್ತಲೇ ಇದ್ದಳು, ಆದರೆ ಅವಳ ಮಾತು ಪಟ್ಟಿಯಲ್ಲಿರಲಿಲ್ಲ. ಸರಿಯಾಗಿ 11.40ಕ್ಕೆ ಒಂದು ಗಾಡಿ ಬಂತು. 11.40ಕ್ಕೆ ಬಂದದ್ದು 11.40ರ ಗಾಡಿಯೇ ಎಂಬುದು ಭಾವನ ಸಿದ್ಧಾಂತ. "ಹತ್ತಿ, ಹತ್ತಿ!" ಅಂದರು. ಹತ್ತಿದೆವು. ಸುರಂಗ ದಾಟಿ ಬಾಗಿಲು ತೆರೆದಾಗ ಮುಂದಿದ್ದದ್ದು ರಿಯೊಮಾಜೊರೆ, ಬೆಳಿಗ್ಗೆ ನೋಡಿ ಹಸಿರು ಬಳಿದು ಮುಗಿಸಿದ್ದ ಊರು.

ಭಾವ ಪಟ್ಟಿ ಹಿಡಿದು ಸ್ಟೇಷನ್ನಿನಲ್ಲೇ ನಿಂತುಬಿಟ್ಟರು. ರೈಲು ತಪ್ಪಿರಲಿಲ್ಲ, ಸೂತ್ರವಾಕ್ಯದ ಉತ್ತರಾರ್ಧ ನಿಜವಾಗಿತ್ತು. ಅಕ್ಕ ಯಾರನ್ನೂ ಕೇಳದೆ ಇಳಿಜಾರು ಬೀದಿಯಲ್ಲಿ ಹೊರಟಳು. ನಮ್ಮಲ್ಲಿ ಮನೆ ಮುಂದೆ ಸ್ಕೂಟರ್ ನಿಲ್ಲಿಸಿದ ಹಾಗೆ ಅಲ್ಲಿ ಬೀದಿಯಲ್ಲೇ ದೋಣಿ ನಿಲ್ಲಿಸಿರುತ್ತಾರೆ, ಮೇಲೆ ಟಾರ್ಪಾಲು ಹೊದೆಸಿ. ಅವುಗಳ ಪಕ್ಕದಲ್ಲೇ ಇಳಿದು ದಡದ ಬಂಡೆಯ ಮೇಲೆ ಕೂತು, ಕೈಚೀಲದಿಂದ ಕೋಡುಬಳೆ ತೆಗೆದಳು. ನಾವೂ ಕೂತೆವು. ಸ್ವಲ್ಪ ಹೊತ್ತಿಗೆ ಭಾವನೂ ಬಂದು ಕೂತರು, ಕೈ ಚಾಚಿ ಒಂದು ಕೋಡುಬಳೆ ಇಸಿದುಕೊಂಡರು. ನಲವತ್ತು ನಿಮಿಷ ಅವರು ಗಡಿಯಾರ ನೋಡಲಿಲ್ಲ. ನಲವತ್ತು ಎಂದು ನನಗೆ ಹೇಗೆ ಗೊತ್ತು ಅಂದರೆ, ಅವರ ಬದಲು ನಾನು ನೋಡುತ್ತಿದ್ದೆ.

ಏಳುವಾಗ ಕೇಳಿದರು, "ಇದನ್ನ ಯಾವ ಹೆಡ್ಡಿಗೆ ಹಾಕೋದು? ರೈಲೂ ಅಲ್ಲ, ಊಟಾನೂ ಅಲ್ಲ, ವಿಶ್ರಾಂತಿ ಅಂತ ಸ್ಯಾಂಕ್ಷನ್ನೂ ಆಗಿಲ್ಲ."

"ನಿಮ್ಮ ಬ್ಯಾಂಕಿನಲ್ಲಿ ಲೆಕ್ಕ ಸಿಗದ ದುಡ್ಡನ್ನ ಎಲ್ಲಿ ಹಾಕ್ತಿದ್ದಿರಿ ಭಾವ?"

"ಸಸ್ಪೆನ್ಸ್ ಅಕೌಂಟಿಗೆ." ಮುಖ ಅರಳಿತು. ಅಲ್ಲೇ ನಿಂತು ಬರೆದುಕೊಂಡರು.

ಐದನೇ ದಿನ ಕೊರ್ನಿಲಿಯಾ. ಅಕ್ಕ, ಮಗಳು, ನನ್ನ ಹೆಂಡತಿ ಬಸ್ಸಿನಲ್ಲಿ ಹೋದರು. ನಾನು ಸಾಕ್ಷಿಯಾಗಿ ಭಾವನ ಹಿಂದೆ ಹತ್ತಿದೆ. ಇನ್ನೂರ ಅರವತ್ತನಾಲ್ಕರ ತನಕ ಎಲ್ಲ ಸರಿಯಿತ್ತು. ಅಷ್ಟರಲ್ಲಿ ಮೇಲಿಂದ ಇಳಿದು ಬಂದ ಒಬ್ಬ ಮುದುಕ, ಇವರ ಕೈಗಡಿಯಾರ ತೋರಿಸಿ ಗಂಟೆ ಎಷ್ಟು ಎಂದು ಸನ್ನೆ ಮಾಡಿದ. ಭಾವನನ್ನು ಯಾರಾದರೂ ಟೈಮು ಕೇಳಿದರೆ ಅವರು ನಿಮಿಷ, ಸೆಕೆಂಡಿನ ಸಮೇತ ಹೇಳುವವರು. ಹೇಳಿದರು. ತಿರುಗಿ ನೋಡಿದರೆ ಸಂಖ್ಯೆ ಮರೆತುಹೋಗಿತ್ತು. ಸಂಜೆ ಇಳಿಯುವಾಗ ಮತ್ತೆ ಎಣಿಸಿದರು, 379 ಬಂತು. ಹೋಗುವಾಗ ಎರಡಿದ್ದ ಲೆಕ್ಕ ಬರುವಾಗ ಮೂರಾಯಿತು. ಆ ಮೆಟ್ಟಿಲುಗಳೂ ಈಗ ಸಸ್ಪೆನ್ಸ್ ಅಕೌಂಟಿನಲ್ಲೇ ಇವೆ.

ಬಂದು ಆರು ತಿಂಗಳಾಯಿತು. ಡಿಫರೆನ್ಸ್ ಕ್ಲಿಯರ್ ಮಾಡಲು ಇನ್ನೊಮ್ಮೆ ಹೋಗಲೇಬೇಕೆಂದು ಭಾವ ಹೊಸ ನೋಟ್‌ಬುಕ್ ತೆಗೆದಿದ್ದಾರೆ. ಮೊನ್ನೆ ತೋರಿಸಿದರು. ಬಣ್ಣಗಳು ಅವೇ, ಆದರೆ ಪ್ರತಿ ದಿನದ ಸಾಲಿನಲ್ಲೂ ಬಿಳಿಯ ಒಂದು ಚೌಕ ಹೊಸದಾಗಿ ಬಂದಿದೆ. ಅದರೊಳಗೆ ದುಂಡಗಿನ ಅಕ್ಷರದಲ್ಲಿ ಬರೆದಿದ್ದಾರೆ: 'ದಾರಿ ತಪ್ಪುವುದು, 40 ನಿಮಿಷ, ಕೋಡುಬಳೆ ಸಹಿತ.' ಯಾವ ಸ್ಟೇಷನ್ನಿನಲ್ಲಿ ತಪ್ಪಬೇಕು ಅನ್ನುವುದೊಂದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.