ಧೂಮಮೀಮಾಂಸೆ ಅಥವಾ ಪರವಾಹನವಾದಕ್ಕೊಂದು ಪೀಠಿಕೆ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ಊಹಿಸತಕ್ಕದ್ದು. ನ್ಯಾಯಶಾಸ್ತ್ರ ಕಲಿಯಲು ಕೂತ ವಟುವಿಗೆ ಇದು ಮೊದಲ ಪಾಠ. ಹೊಗೆಯೂ ಬೆಂಕಿಯೂ ಒಟ್ಟಿಗಿರುವುದಕ್ಕೆ ದೃಷ್ಟಾಂತ ಅಡುಗೆಮನೆ. ಎರಡೂ ಇಲ್ಲದಿರುವುದಕ್ಕೆ ದೃಷ್ಟಾಂತ ಕೆರೆ. ಶತಮಾನಗಳಿಂದ ಅಲುಗದೆ ನಿಂತಿದ್ದ ಈ ಎರಡನೆಯ ದೃಷ್ಟಾಂತವನ್ನು ಬೆಂಗಳೂರಿನ ಬೆಳ್ಳಂದೂರು ಕೆರೆ 2017ರ ಫೆಬ್ರುವರಿಯಲ್ಲಿ ಹೊತ್ತಿ ಉರಿದು ಖಂಡಿಸಿತು. 2018ರ ಜನವರಿಯಲ್ಲಿ ಮತ್ತೊಮ್ಮೆ ಉರಿದು, ಆರಿಸಲು ಸೈನಿಕರನ್ನೇ ಕರೆಸಿಕೊಂಡು, ಖಂಡನೆಯನ್ನು ದೃಢಪಡಿಸಿತು. ಅಂದಿನಿಂದ ಧೂಮವಿಚಾರಕ್ಕೆ ಹೊಸ ಶಾಸ್ತ್ರವೊಂದು ಬೇಕೇಬೇಕು ಎಂಬಲ್ಲಿ ವಿದ್ವಾಂಸರಲ್ಲಿ ಒಮ್ಮತವಿದೆ. ಉಳಿದ ಯಾವುದರಲ್ಲೂ ಇಲ್ಲ.

ಹೊಸ ಶಾಸ್ತ್ರದ ಮೂಲಸೂತ್ರ ಹೀಗಿದೆ: ಹೊಗೆ ಎಂಬುದು ಸದಾ ಮುಂದಿನ ಗಾಡಿಯದು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತು ಈ ಸೂತ್ರವನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಸ್ಕೂಟರಿನವರು ಆಟೊದತ್ತ ಕೈ ತೋರಿಸುತ್ತಾರೆ, ಆಟೊದವರು ಬಿಎಂಟಿಸಿ ಬಸ್ಸಿನತ್ತ. ಬಸ್ಸಿನ ಡ್ರೈವರು ಒಬ್ಬೊಬ್ಬರೇ ಕೂತ ಕಾರುಗಳ ಸಾಲಿನತ್ತ ಗಲ್ಲ ಎತ್ತುತ್ತಾರೆ. ಗಾಜೇರಿಸಿ ಏಸಿ ಹಾಕಿಕೊಂಡ ಕಾರಿನವರಾದರೋ ಶೂನ್ಯವಾದಿಗಳು, ಹೊಗೆಯೇ ಇಲ್ಲವೆನ್ನುತ್ತಾರೆ. ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದ ಊರಿನಲ್ಲಿ ಪ್ರತಿ ಗಾಡಿಗೂ ಮುಂದೊಂದು ಗಾಡಿ ಇದ್ದೇ ಇರುವುದರಿಂದ ಸೂತ್ರಕ್ಕೆ ಭಂಗವಿಲ್ಲ.

ಈ ಶಾಸ್ತ್ರದ ಉನ್ನತ ವ್ಯಾಸಂಗ ನಡೆಯುವುದು ದೆಹಲಿಯಲ್ಲಿ. ಅಲ್ಲಿನ ಗಾಳಿಯ ಬಗ್ಗೆ ಕಾನ್ಪುರದ ಐಐಟಿ ಒಂದು ಲೆಕ್ಕ ಕೊಟ್ಟಿತು. ಅತಿ ಸೂಕ್ಷ್ಮ ಕಣಗಳಲ್ಲಿ ರಸ್ತೆಯ ಧೂಳು ಶೇ 38, ವಾಹನಗಳ ಹೊಗೆ ಶೇ 20. ವಾಹನಪಕ್ಷದವರು ಇದನ್ನು ಹಿಡಿದು ಕುಣಿದರು: ತಪ್ಪು ಧೂಳಿನದು, ಗಾಡಿಯದಲ್ಲ! ಆ ಧೂಳು ತಾನಾಗಿ ಎದ್ದು ನಿಲ್ಲುತ್ತದೋ, ಚಕ್ರ ಎಬ್ಬಿಸುತ್ತದೋ ಎಂದು ಕೇಳಿದ ಪ್ರತಿಪಕ್ಷದವರನ್ನು ವಿಷಯಾಂತರ ಮಾಡುತ್ತಿದ್ದಾರೆಂದು ಕೂರಿಸಲಾಯಿತು. 2016ರ ಜನವರಿಯ ಸಮ–ಬೆಸ ವ್ರತದಲ್ಲಿ ದ್ವಿಚಕ್ರಿಗಳಿಗೂ ಗಣ್ಯರಿಗೂ ವಿನಾಯಿತಿ ಇತ್ತು; ವ್ರತ ಹಿಡಿದವರು ಉಳಿದವರು. 2025ರ ಜುಲೈ 1ರಿಂದ ಹತ್ತು ವರ್ಷದ ಡೀಸೆಲ್ ಗಾಡಿಗೂ ಹದಿನೈದು ವರ್ಷದ ಪೆಟ್ರೋಲ್ ಗಾಡಿಗೂ ಬಂಕಿನಲ್ಲಿ ಇಂಧನವಿಲ್ಲ ಎಂಬ ವಿಧಿ ಹೊರಟಿತು. ವಾರ ಕಳೆಯುವ ಹೊತ್ತಿಗೆ ಅದನ್ನು ಮುಂದೂಡಲಾಯಿತು.

ಇಷ್ಟು ಪೀಠಿಕೆ. ಇನ್ನು ಧೂಮಭೇದ.

ಹೊಗೆ ಎರಡು ವಿಧ: ದೃಶ್ಯ, ಅದೃಶ್ಯ. ದೃಶ್ಯಧೂಮ ಕಣ್ಣುರಿಸುತ್ತದೆ, ಕೆಮ್ಮಿಸುತ್ತದೆ, ಜೋರು ಮಳೆ ಬಂದರೆ ಬಹುಪಾಲು ತೊಳೆದುಹೋಗುತ್ತದೆ. ಅದೃಶ್ಯಧೂಮವಾದ ಕಾರ್ಬನ್ ಡೈಆಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅವಸರವೂ ಇಲ್ಲ. ಇಂದು ಬಿಟ್ಟದ್ದರಲ್ಲಿ ಒಂದು ಪಾಲು ಸಾವಿರ ವರ್ಷದ ಮೇಲೂ ವಾತಾವರಣದಲ್ಲೇ ಇರುತ್ತದೆ. ಮೊದಲನೆಯದು ಊರಿನ ಪುಪ್ಪುಸದ ವಿಷಯ, ಎರಡನೆಯದು ಭೂಮಿಯ ಜ್ವರದ್ದು. ವಾಗ್ವಾದದ ಪಟ್ಟುಗಳೆಲ್ಲ ಇವೆರಡನ್ನು ಬೇಕಾದಾಗ ಬೆರೆಸುವುದರಲ್ಲಿ, ಬೇಡವಾದಾಗ ಬೇರ್ಪಡಿಸುವುದರಲ್ಲಿ ಅಡಗಿವೆ.

ಉದಾಹರಣೆಗೆ ಎಮಿಷನ್ ಸರ್ಟಿಫಿಕೇಟು. ಬಂಕಿನ ಮೂಲೆಯಲ್ಲಿ ನಿಂತ ವ್ಯಾನಿನವರು ಸೈಲೆನ್ಸರಿಗೆ ನಳಿಕೆ ತೂರಿಸಿ ಕೊಡುವ ಈ ಚೀಟಿಯನ್ನು ಜಾಗತಿಕ ತಾಪಮಾನದ ಚರ್ಚೆಯಲ್ಲೂ ಮಂಡಿಸುವ ವಾಡಿಕೆಯಿದೆ: "ನೋಡಿ ಸಾರ್, ನಮ್ಮ ಗಾಡಿ ಪಾಸಾಗಿದೆ." ಪೆಟ್ರೋಲ್ ಗಾಡಿಯಲ್ಲಿ ಆ ಯಂತ್ರ ಹಿಡಿಯಲು ಹೊರಟಿರುವುದು ಕಾರ್ಬನ್ ಮೊನಾಕ್ಸೈಡನ್ನು ಮತ್ತು ಉರಿಯದೆ ಉಳಿದ ಹೈಡ್ರೋಕಾರ್ಬನ್ನನ್ನು, ಡೀಸೆಲಿನಲ್ಲಿ ಹೊಗೆಯ ದಟ್ಟಣೆಯನ್ನು. ಕಾರ್ಬನ್ ಡೈಆಕ್ಸೈಡಿಗೆ ಅಲ್ಲಿ ಮಿತಿಯೇ ಇಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ ಮಾಡುವ ಒಂದು ಪುಣ್ಯಕಾರ್ಯವಂತೂ ವಿಷದ ಮೊನಾಕ್ಸೈಡನ್ನು ಡೈಆಕ್ಸೈಡಾಗಿ ಬದಲಿಸಿ ಬಿಡುವುದೇ. ಅಂದರೆ ಇಂಧನದ ಇಂಗಾಲವನ್ನು ಚೂರೂ ಉಳಿಸಿಕೊಳ್ಳದೆ ಭೂಮಿಯ ಖಾತೆಗೆ ಜಮಾ ಮಾಡಿದವರಿಗೇ ಚೀಟಿ ಸಲೀಸಾಗಿ ಸಿಗುತ್ತದೆ.

ಜಮಾ ಎಷ್ಟು ಎಂದು ಹೇಳಿದರೆ ಸಭೆ ನಗುತ್ತದೆ. ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೊ. ಅದು ಉರಿದು ಬರುವ ಕಾರ್ಬನ್ ಡೈಆಕ್ಸೈಡು ಸುಮಾರು 2.3 ಕಿಲೊ. ಹಾಕಿದ ಮಾಲಿನ ಮೂರು ಪಟ್ಟು ಹೊರಬರುವುದು ಯಾವ ಊರಿನ ವ್ಯಾಪಾರ ಎಂದು ಪೂರ್ವಪಕ್ಷಿ ಕೇಳುತ್ತಾನೆ. 12 ತೂಕದ ಇಂಗಾಲ ಗಾಳಿಯಿಂದ 32 ತೂಕದ ಆಮ್ಲಜನಕವನ್ನು ಸೇರಿಸಿಕೊಳ್ಳುತ್ತದೆ ಎಂಬ ಹೈಸ್ಕೂಲಿನ ಉತ್ತರವನ್ನು ಆತ ಒಪ್ಪುವುದಿಲ್ಲ. ಹೈಸ್ಕೂಲು ಬಿಟ್ಟು ಬಹಳ ಕಾಲವಾಗಿರುತ್ತದೆ.

ಧೂಮಭೇದವನ್ನು ಅತ್ಯಂತ ಚೆನ್ನಾಗಿ ಅರಗಿಸಿಕೊಂಡವರೆಂದರೆ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯವರು. ಡೀಸೆಲ್ ಕಾರು ಕಡಿಮೆ ಇಂಧನ ಕುಡಿಯುತ್ತದೆ, ಆದ್ದರಿಂದ ಹವಾಮಾನಕ್ಕೆ ಹಿತ ಎಂದು ಯುರೋಪಿನಲ್ಲಿ ಅದೃಶ್ಯಧೂಮದ ಹೆಸರಿನಲ್ಲಿ ಡೀಸೆಲನ್ನು ಮಾರಲಾಗುತ್ತಿತ್ತು. ಪುಪ್ಪುಸ ಕೆಡಿಸುವ ನೈಟ್ರೋಜನ್ ಆಕ್ಸೈಡುಗಳ ಮಾತು? ಅದಕ್ಕೊಂದು ಸಾಫ್ಟ್‌ವೇರ್ ಬರೆಯಲಾಯಿತು. ಇನ್ವಿಜಿಲೇಟರ್ ಬಂದಾಗ ಮಾತ್ರ ತಲೆ ತಗ್ಗಿಸಿ ಬರೆಯುವ ಹುಡುಗನಂತೆ, ಪರೀಕ್ಷೆ ನಡೆಯುತ್ತಿದೆಯೆಂದು ಗೊತ್ತಾದೊಡನೆ ಕಾರು ಸಾಧುವಾಗುತ್ತಿತ್ತು. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ಅಳೆಯುವ ಯಂತ್ರವನ್ನು ಡಿಕ್ಕಿಯಲ್ಲಿಟ್ಟುಕೊಂಡು ರಸ್ತೆಗಿಳಿದಾಗ ಬೇರೆಯೇ ಲೆಕ್ಕ ಬಂತು. 2015ರ ಸೆಪ್ಟೆಂಬರಿನಲ್ಲಿ ಪ್ರಕರಣ ಬಯಲಾಯಿತು: ಮಿತಿಯ 40 ಪಟ್ಟಿನವರೆಗೆ ಹೊಗೆ, ಲೋಕದಾದ್ಯಂತ 1.1 ಕೋಟಿ ಗಾಡಿಗಳಲ್ಲಿ ಆ ಸಾಫ್ಟ್‌ವೇರ್. ಪರವಾಹನವಾದಿಗಳಿಗೆ ಇದರಿಂದ ಆನಂದವೇ ಆಯಿತೆನ್ನಬೇಕು. ಮುಂದಿನ ಗಾಡಿಯ ಮೇಲೆ ಅವರಿಗೆ ಮೊದಲೇ ಗುಮಾನಿಯಿತ್ತು.

ಇನ್ನೊಂದು ಘನ ದರ್ಶನ ಪ್ರಕೃತಿವಾದ. ಭೂಮಿ ಬಿಸಿಯಾಗುತ್ತಿರುವುದು ನಿಜವಿದ್ದರೂ ಮಾಡಿದ್ದು ಸೂರ್ಯ, ಸೂರ್ಯನಲ್ಲದಿದ್ದರೆ ಜ್ವಾಲಾಮುಖಿ. ದುರದೃಷ್ಟವಶಾತ್ ಎಲ್ಲ ಜ್ವಾಲಾಮುಖಿಗಳು ಸೇರಿ ವರ್ಷಕ್ಕೆ ಉಗುಳುವ ಕಾರ್ಬನ್ ಡೈಆಕ್ಸೈಡು ಮನುಷ್ಯರದ್ದರ ಶೇ 1ನ್ನೂ ಮುಟ್ಟುವುದಿಲ್ಲ. ಸೂರ್ಯನೇ ಕಾರಣವಾಗಿದ್ದರೆ ಮೇಲಿನ ಸ್ತರಗೋಳವೂ ಕಾಯಬೇಕಿತ್ತು, ಅದು ತಣ್ಣಗಾಗುತ್ತಿದೆ. ಕೋಟ್ಯಂತರ ವರ್ಷ ನೆಲದಡಿ ಮಲಗಿದ್ದ ಎಣ್ಣೆ, ಕಲ್ಲಿದ್ದಲಿನಲ್ಲಿ ಕಾರ್ಬನ್–14 ಉಳಿದಿರುವುದಿಲ್ಲ; ಅದು ಹೊಗೆಯಾಗಿ ಬೆರೆತಂತೆ ಗಾಳಿಯ ಕಾರ್ಬನ್–14ರ ಪಾಲು ತೆಳುವಾಗುವುದನ್ನು ಹ್ಯಾನ್ಸ್ ಸ್ಯೂಸ್ 1955ರಲ್ಲೇ ತೋರಿಸಿದ್ದರು. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಹತ್ತು ಲಕ್ಷಕ್ಕೆ ಸುಮಾರು 315 ಭಾಗವಿದ್ದ ಕಾರ್ಬನ್ ಡೈಆಕ್ಸೈಡು 2024ರಲ್ಲಿ ಸರಾಸರಿ 424 ದಾಟಿತ್ತು. ವಿಚಿತ್ರವೆಂದರೆ ಮೌನಾ ಲೋವಾ ಸ್ವತಃ ಜ್ವಾಲಾಮುಖಿ. ಆ ಒಂದೇ ಕಾರಣಕ್ಕೆ ಪ್ರಕೃತಿವಾದಿಗಳು ಈ ಅಳತೆಯನ್ನು ಕೊಂಚ ಗೌರವದಿಂದ ಕಾಣುತ್ತಾರೆ.

ಪ್ರತ್ಯಕ್ಷಪ್ರಮಾಣವೇ ಶ್ರೇಷ್ಠವೆಂಬ ಶಾಖೆಯೂ ಉಂಟು. 2015ರ ಫೆಬ್ರುವರಿಯಲ್ಲಿ ಅಮೆರಿಕದ ಸೆನೆಟರ್ ಜೇಮ್ಸ್ ಇನ್‌ಹೋಫ್ ಹೊರಗಿನಿಂದ ಹಿಮದ ಉಂಡೆ ತರಿಸಿ ಸದನದಲ್ಲಿ ಎಸೆದು, ಹೊರಗೆ ಎಂಥ ಚಳಿಯಿದೆ ನೋಡಿ ಎಂಬ ವಾದ ಹೂಡಿದರು. ಆ ವರ್ಷವೇ ಅಲ್ಲಿಯವರೆಗಿನ ಅತಿ ಬಿಸಿ ವರ್ಷವೆಂದು ದಾಖಲಾಯಿತು. ಉಂಡೆಯ ಬಗ್ಗೆ ಮುಂದಿನ ಸಂಶೋಧನೆ ನಡೆದಂತಿಲ್ಲ.

ಪರದೇಶವಾದವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಅದು ಪರವಾಹನವಾದಕ್ಕೆ ಪಾಸ್‌ಪೋರ್ಟ್ ಸಿಕ್ಕಿದ ರೂಪ. ವರ್ಷಕ್ಕೆ ಬಿಡುವ ಕಾರ್ಬನ್ ಡೈಆಕ್ಸೈಡಿನ ಒಟ್ಟು ಲೆಕ್ಕ ಹಿಡಿದರೆ ಭಾರತ ಮೂರನೆಯದು, ತಲಾ ಲೆಕ್ಕ ಹಿಡಿದರೆ ಅಮೆರಿಕದವರ 14 ಟನ್ನಿನೆದುರು ನಮ್ಮದು ಸುಮಾರು 2. ಎರಡೂ ಸರಿ. ಯಾವ ಲೆಕ್ಕವನ್ನು ಯಾವ ದೇಶದವರು ಹಿಡಿಯುತ್ತಾರೆಂದು ಹೇಳಬೇಕಿಲ್ಲ.

ಇತ್ತೀಚೆಗೆ ವಿದ್ಯುತ್ ಗಾಡಿ ಬಂದು ಸೂತ್ರಕ್ಕೇ ಸಂಕಟ ತಂದಿದೆ, ಸೈಲೆನ್ಸರೇ ಇಲ್ಲವಲ್ಲ. ಆದರೆ ಶಾಸ್ತ್ರ ಸೋಲುವಂಥದ್ದಲ್ಲ. ಆ ಕರೆಂಟು ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ಬಂದದ್ದು, ಹೊಗೆ ಅಲ್ಲಿಯವರ ಪಾಲು ಎಂಬ ಆಕ್ಷೇಪ ಎದ್ದಿದೆ. ಆಕ್ಷೇಪದಲ್ಲಿ ಹುರುಳಿದೆ. ಪಾವಗಡದ ಬಿಸಿಲು, ಘಟ್ಟದ ನೀರು, ಚಿತ್ರದುರ್ಗದ ಗಾಳಿಯ ಕರೆಂಟೂ ಅದೇ ತಂತಿಯಲ್ಲಿ ಬರುತ್ತದೆ, ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನದ ಶಕ್ತಿಯ ಹೆಚ್ಚುಪಾಲು ಬರೀ ಬಿಸಿಯಾಗಿ ಪೋಲಾಗುತ್ತದೆ ಎಂದು ಸಿದ್ಧಾಂತಿ ಉತ್ತರಿಸುವಷ್ಟರಲ್ಲಿ ಪೂರ್ವಪಕ್ಷಿ ತನ್ನ ಡೀಸೆಲ್ ಎಸ್‌ಯುವಿ ಸ್ಟಾರ್ಟ್ ಮಾಡಿ, ರಾಯಚೂರಿನ ಮಕ್ಕಳ ಉಸಿರಿನ ಬಗ್ಗೆ ಕಳವಳ ಪಡುತ್ತ ಹೊರಟಿರುತ್ತಾನೆ. ರಾಜಧಾನಿಯಲ್ಲಿ ರಾಯಚೂರಿನ ಮೇಲೆ ಇಷ್ಟು ಕಾಳಜಿ ಹಿಂದೆಂದೂ ಕಂಡುಬಂದಿರಲಿಲ್ಲವೆಂದು ಆ ಭಾಗದ ಹಿರಿಯರು ಹೇಳುತ್ತಾರೆ.