ಮದ್ದು ಹೊಡೆದರೂ ಕೊಳೆ ಬಂತಲ್ಲ

ಅಲ್ಲ ಗೌಡ್ರೇ, ಬೋರ್ಡೋ ಹೊಡೆದರೂ ಅಡಿಕೆಗೆ ಕೊಳೆ ಬಂತು, ಇನ್ನು ಆ ಮದ್ದನ್ನೇ ನಂಬಲ್ಲ ಅಂದ್ರಲ್ಲ, ನಿಮ್ಮ ಸಂಕಟ ನನಗೂ ಗೊತ್ತು. ಮೂಡಿಗೆರೆ ಮಳೆಯಲ್ಲಿ ಎಳೆಕಾಯಿ ಉದುರೋದನ್ನ ನೋಡ್ತಾ ನಿಲ್ಲೋದು ಸುಲಭ ಅಲ್ಲ. ಆದರೂ ಬೇಲಿ ಈಚೆಯಿಂದ ಒಂದು ಮಾತು ಕೇಳ್ತೀನಿ: ತಪ್ಪು ಮದ್ದಿನದೇ ಅಂತ ಹೇಗೆ ತೀರ್ಮಾನ ಮಾಡಿದ್ರಿ?

ವಿಯೆನ್ನಾದ ಕಾರ್ಲ್ ಪಾಪರ್ 1934ರಲ್ಲಿ ಒಂದು ಪುಸ್ತಕ ಬರೆದರು. ಅವರ ವಾದ ಹೆಚ್ಚುಕಮ್ಮಿ ನಿಮ್ಮದೇ. ನೂರು ತೋಟದಲ್ಲಿ ಮದ್ದು ಹಿಡಿದರೂ ನೂರೊಂದನೇ ತೋಟಕ್ಕೆ ಖಾತ್ರಿ ಕೊಡೋಕಾಗಲ್ಲ. ಒಂದೇ ಒಂದು ಕಡೆ ಸೋತರೆ ಮಾತ್ರ ‘ಎಲ್ಲ ಕಡೆ ಹಿಡಿಯುತ್ತೆ’ ಅನ್ನೋದು ಸುಳ್ಳಾಗುತ್ತೆ. ಊಹೆಯನ್ನ ಧೈರ್ಯವಾಗಿ ಮಾಡಿ, ಆಮೇಲೆ ಅದನ್ನ ಸುಳ್ಳು ಮಾಡೋಕೆ ನಾವೇ ಹೊರಡಬೇಕು, ತಿಳಿವಳಿಕೆ ಬೆಳೆಯೋದು ಹಾಗೆ ಅಂದರು. ಒಳ್ಳೇ ಮಾತು.

ಆದರೆ ಅವರಿಗಿಂತ ಮೊದಲೇ, 1906ರಲ್ಲಿ, ಫ್ರಾನ್ಸಿನ ಭೌತವಿಜ್ಞಾನಿ ಪಿಯೆರ್ ಡ್ಯುಯೆಮ್ ಎತ್ತಿದ ತಕರಾರು ನಮ್ಮಂಥ ತೋಟದವರಿಗೆ ಇನ್ನೂ ಹತ್ತಿರ. ಯಾವ ಊಹೆಯೂ ಒಂಟಿಯಾಗಿ ಪರೀಕ್ಷೆಗೆ ಬರಲ್ಲ, ಜೊತೆಗೆ ಹತ್ತು ನಂಬಿಕೆ ಕಟ್ಟಿಕೊಂಡೇ ಬರುತ್ತೆ. ಸೋತಾಗ ಆ ಹನ್ನೊಂದರಲ್ಲಿ ಯಾವುದು ಸೋತಿತು ಅಂತ ಸೋಲು ಹೇಳಲ್ಲ. ನೋಡಿ, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಆ ಸುಣ್ಣ ಹೊಸದಾಗಿತ್ತಾ? ಉಜ್ಜಿದ ಚಾಕು ಅದ್ದಿ ನೋಡಿದ್ರಾ? ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಹೊಡೆದ ಮೇಲೆ ಒಣಗೋಷ್ಟು ಹೊಳವಾಯ್ತಾ? ಗೊನೆ ಒಳಗಿನ ಕಾಯಿಗೂ ತಾಗಿತಾ? ಮಳೆ ಹಿಡಿಯೋ ಮುಂಚೆ ಹೊಡೆದಿರಿ ಸರಿ, 40-45 ದಿನಕ್ಕೆ ಎರಡನೇ ಸುತ್ತು ಆಯ್ತಾ?

ಇನ್ನೊಂದು ಸೋಜಿಗ ಕೇಳಿ. ಈ ಮದ್ದು ಹುಟ್ಟಿದ್ದೂ ಆ ಡ್ಯುಯೆಮ್ ಪಾಠ ಮಾಡಿದ ಬೋರ್ಡೋ ಊರಲ್ಲೇ. ದಾರಿಹೋಕರು ದ್ರಾಕ್ಷಿ ಕೀಳದಿರಲಿ ಅಂತ ರೈತರು ರಸ್ತೆ ಬದಿ ಬಳ್ಳಿಗೆ ಸುಣ್ಣ-ಮೈಲುತುತ್ತ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ತಟ್ಟದ್ದನ್ನ ಸಸ್ಯವಿಜ್ಞಾನಿ ಮಿಲಾರ್ಡೆ ಗಮನಿಸಿದರು, ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಎಷ್ಟೋ ಜನ ದಿನಾ ನೋಡಿದ್ದ ಬಳ್ಳಿ ಅದು. ರೋಗದ ಚಿಂತೆ ತಲೆಯಲ್ಲಿದ್ದವರಿಗೆ ಬೇರೆಯಾಗಿ ಕಂಡಿತು.

ಅದನ್ನ ನಮ್ಮ ಅಡಿಕೆಗೆ ತಂದವರು ಮೈಸೂರು ಸರ್ಕಾರದ ಕೆಲಸದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ಕೊಳೆಗೆ ಫೈಟಾಫ್ತೊರಾ ಅನ್ನೋ ಸೂಕ್ಷ್ಮಜೀವಿ ಕಾರಣ ಅಂತ 1910ರಲ್ಲಿ ಬರೆದರು. ಮುಂದೆ 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾಗಿದ್ದೂ ಅವರಿಂದಲೇ. ಆದರೆ ಮಾರಾಯ್ರೇ, ಸೂಕ್ಷ್ಮಜೀವಿಯ ಹೆಸರೇ ಕೇಳದ ನಮ್ಮ ಹಿರಿಯರು ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಡೀತಿದ್ದರಲ್ಲ, ಅದೂ ಊಹೆ ಮಾಡಿ, ಪರೀಕ್ಷಿಸಿ ಪಡೆದ ತಿಳಿವಳಿಕೆಯೇ. ಅದಕ್ಕೆ ವಿಜ್ಞಾನದ ಮನೆಯಲ್ಲಿ ಜಾಗ ಇಲ್ಲ ಅಂದರೆ ನಾನು ಒಪ್ಪಲ್ಲ.

ಬರೋ ಮಳೆಗಾಲಕ್ಕೆ ಹೀಗೆ ಮಾಡೋಣ. ಬೇಲಿಗುಂಟ ನಿಮ್ಮ ಕಡೆ ನಾಲ್ಕು ಮರ, ನನ್ನ ಕಡೆ ನಾಲ್ಕು ಮರ ಮದ್ದಿಲ್ಲದೆ ಬಿಡೋಣ. ಉಳಿದದ್ದಕ್ಕೆ ಒಂದೇ ಚೀಲದ ಸುಣ್ಣ, ಒಂದೇ ಡ್ರಮ್ಮು, ಒಂದೇ ದಿನ. ಚಾಕು ನಾನು ತರ್ತೀನಿ.